ಚರ್ಮಕ್ಕೆ ಹಚ್ಚೋ ಬಣ್ಣ ಬೇಳೆಗೆ ಯಾಕೆ ಬಂತು?

ಕಲಬುರಗಿಯ ಗಂಜಿನಲ್ಲಿ ಅಂಗಡಿಗಳ ಮುಂದೆ ತೊಗರಿ ಬೇಳೆಯ ಚೀಲಗಳು ಬಾಯಿ ಬಿಚ್ಚಿಕೊಂಡು ಸಾಲಾಗಿ ನಿಂತಿರುತ್ತವೆ. ಒಂದು ಚೀಲದ ಬೇಳೆ ಮಾಸಲು ಹಳದಿ. ಅಲ್ಲಲ್ಲಿ ಕಂದು ಸಿಪ್ಪೆಯ ಚೂರು ಅಂಟಿಕೊಂಡಿರುತ್ತದೆ, ಕೈ ಹಾಕಿದರೆ ಬೆರಳಿಗೆ ಸ್ವಲ್ಪ ಹಿಟ್ಟು ಹತ್ತುತ್ತದೆ. ಪಕ್ಕದ ಚೀಲದ್ದು ಫಳಫಳ ಹೊಳೆಯುತ್ತದೆ, ಒಂದೊಂದು ಬೇಳೆಯೂ ಒಂದೇ ಬಣ್ಣ, ಒಂದೇ ಗಾತ್ರ. ಬಂದ ಗಿರಾಕಿಗಳಲ್ಲಿ ಹೆಚ್ಚಿನವರು ಮೊದಲು ಕೈ ಹಾಕೋದು ಈ ಎರಡನೇ ಚೀಲಕ್ಕೇ. ತೊಗರಿಯ ಕಣಜ ಅಂತ ಹೆಸರಾದ ಜಿಲ್ಲೆಯಲ್ಲೇ, 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು, ಪಡೆದ ಬೇಳೆಯ ಊರಲ್ಲೇ, ನಾವು ಬೇಳೆ ಆರಿಸೋದು ಬಣ್ಣ ನೋಡಿ.

ಹೊಳೆಯೋ ಬೇಳೆಯೆಲ್ಲ ವಿಷ ಅಂತ ಹೇಳಲು ನಾನು ಹೊರಟಿಲ್ಲ. ಹೊಳಪು ಬೇರೆ, ಬಣ್ಣ ಬೇರೆ. ಅದನ್ನು ಮೊದಲು ಬಿಡಿಸಿಕೊಳ್ಳೋಣ. ವಾಟ್ಸಾಪ್‌ನಲ್ಲಿ ಓಡಾಡೋ ವಿಡಿಯೋಗಳಲ್ಲಿ ಎರಡನ್ನೂ ಕಲಸಿ ಹೆದರಿಸಿಬಿಡುತ್ತಾರೆ, ಆಮೇಲೆ ಜನ ಯಾವುದನ್ನೂ ನಂಬಲ್ಲ.

ದಾಲ್ ಮಿಲ್ಲಿನಲ್ಲಿ ಆಗೋದು ಹೀಗೆ. ಡಿಸೆಂಬರ್-ಜನವರಿಯಲ್ಲಿ ರಾಶಿಯಾಗಿ ಬಂದ ತೊಗರಿಯನ್ನು ಸಾಣಿಸಿ, ಒರಟು ಕಲ್ಲಿನ ರೋಲರ್‌ಗೆ ಹಾಕಿ ಸಿಪ್ಪೆಗೆ ಗೀರು ಬೀಳಿಸುತ್ತಾರೆ. ಆ ಗೀರಿನೊಳಗೆ ಇಳಿಯುವಂತೆ ಸ್ವಲ್ಪ ಎಣ್ಣೆ ಸವರಿ, ರಾತ್ರಿಯಿಡೀ ಗುಡ್ಡೆ ಹಾಕಿಟ್ಟು, ಬಿಸಿಲಿಗೆ ಹರವುತ್ತಾರೆ. ಸಿಪ್ಪೆಗೂ ಬೇಳೆಗೂ ನಡುವೆ ಗೋಂದಿನಂಥ ಒಂದು ಪದರ ಇರುತ್ತದೆ. ಈ ಎಣ್ಣೆ, ಬಿಸಿಲಿಗೆ ಅದು ಸಡಿಲಾಗುತ್ತದೆ. ಮತ್ತೆ ರೋಲರ್, ಸಿಪ್ಪೆ ಉದುರುತ್ತದೆ, ಕಾಳು ಎರಡಾಗುತ್ತದೆ. ಇಷ್ಟಕ್ಕೆ ನಿಲ್ಲಿಸಿದರೆ ಅದು ಮಾಸಲು ಬೇಳೆ. ಅದನ್ನೇ ಪಾಲಿಶ್ ಯಂತ್ರದಲ್ಲಿ ತಿಕ್ಕಿ, ನೀರನ್ನೋ ಎಣ್ಣೆಯನ್ನೋ ಸವರಿ, ಹಿಟ್ಟು ಉಜ್ಜಿ ತೆಗೆದರೆ ಮಾರ್ಕೆಟ್ಟಿನಲ್ಲಿ ಫಟ್ಕಾ ಅನ್ನುವ ಬೇಳೆ ಸಿಗುತ್ತದೆ. ಉಜ್ಜಿದ ನುಚ್ಚು, ಹಿಟ್ಟೆಲ್ಲ ಚುನಿಯಾಗಿ ದನಕ್ಕೆ ಹೋಗುತ್ತದೆ. ಅಲ್ಲಿ ಒಂದಿಷ್ಟು ಪೋಷಕಾಂಶ ಹೋಯಿತು, ಹಾಳಾಗ್ಲಿ ಬಿಡಿ, ಅದೇನು ವಿಷವಲ್ಲ.

ತೊಂದರೆ ಶುರುವಾಗೋದು ಹಳೇ ಬೇಳೆಗೆ ಹೊಸದರ ಬಣ್ಣ ಬರಿಸಲು ಹೋದಾಗ. ಬೇಳೆಯ ಸಹಜ ಹಳದಿ ದಿನ ಕಳೆದಂತೆ, ಬೆಳಕು ತಾಗಿದಂತೆ ಮಂಕಾಗುತ್ತದೆ. ಗೋದಾಮಿನಲ್ಲಿ ಜಾಸ್ತಿ ದಿನ ಕೂತ ಮಾಲು, ಮಳೆಗೆ ನೆನೆದ ಮಾಲು, ಬೇರೆ ಬೇರೆ ಕಡೆಯಿಂದ ತಂದು ಬೆರೆಸಿದ ಮಾಲು, ಇವು ಒಂದೇ ಬಣ್ಣಕ್ಕೆ ಬರಲ್ಲ. ಮೊಜಾಂಬಿಕ್, ಮ್ಯಾನ್ಮಾರ್, ತಾಂಜಾನಿಯಾದಿಂದಲೂ ದೇಶಕ್ಕೆ ತೊಗರಿ ಬರುತ್ತದೆ. 2015ರ ಕೊನೆಯಲ್ಲಿ ಬೇಳೆ ಕೆಜಿಗೆ 200 ರೂಪಾಯಿಯ ಹತ್ತಿರ ಹೋಗಿದ್ದು ನಿಮಗೆ ನೆನಪಿರಬಹುದು. ಅಂಥ ರೇಟಿನಲ್ಲಿ ಮಂಕು ಬೇಳೆಯನ್ನು ಹೊಸದೆಂದು ಮಾರಿದರೆ ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕಿ. ಬಣ್ಣಕ್ಕೆ ತಗಲೋ ಖರ್ಚು ಪೈಸೆಗಳಲ್ಲಿ.

ಆ ಬಣ್ಣದ ಹೆಸರು ಮೆಟಾನಿಲ್ ಯೆಲ್ಲೋ. ಉಣ್ಣೆ, ರೇಷ್ಮೆ, ಚರ್ಮ, ಕಾಗದಕ್ಕೆ ಬಣ್ಣ ಕಟ್ಟಲೆಂದೇ ಕಾರ್ಖಾನೆಯಲ್ಲಿ ಮಾಡುವ ರಾಸಾಯನಿಕ ಇದು. ಬಣ್ಣದ ವ್ಯಾಪಾರದಲ್ಲಿ ಇದಕ್ಕೆ ಆಸಿಡ್ ಯೆಲ್ಲೋ 36 ಅನ್ನುವ ಹೆಸರೂ ಇದೆ. ತಿನ್ನುವ ವಸ್ತುವಿನ ಪಟ್ಟಿಗೆ ಇದು ನಮ್ಮ ದೇಶದಲ್ಲಿ ಸೇರಿಲ್ಲ. ಇಷ್ಟು ಮಿಲಿಗ್ರಾಂವರೆಗೆ ಪರವಾಗಿಲ್ಲ ಅನ್ನುವ ಮಿತಿಯೇ ಇದಕ್ಕಿಲ್ಲ, ಇರಲೇಬಾರದು ಅಷ್ಟೇ.

ಇಲ್ಲಿ ಸ್ವಲ್ಪ ಕೆಮಿಸ್ಟ್ರಿಗೆ ಇಳಿಯಬೇಕು. ಹೆದರಬೇಡಿ, ಹತ್ತನೇ ತರಗತಿಯದು ಸಾಕು.

ಮೆಟಾನಿಲ್ ಯೆಲ್ಲೋ ಅಜೋ ಬಣ್ಣಗಳ ಕುಟುಂಬಕ್ಕೆ ಸೇರಿದ್ದು. ಅಜೋ ಅಂದರೆ ಎರಡು ನೈಟ್ರೋಜನ್ ಪರಮಾಣುಗಳು ಜೋಡಿ ಬಂಧದಲ್ಲಿ ಕೂಡಿಕೊಂಡು, ಆಚೆ ಈಚೆ ಎರಡು ಇಂಗಾಲದ ಉಂಗುರಗಳನ್ನು ಹಿಡಿದುಕೊಂಡಿರೋದು. ಬೆಳಕು ಈ ಜೋಡಣೆಯ ಮೇಲೆ ಬಿದ್ದಾಗ ನೇರಳೆ-ನೀಲಿ ಭಾಗವನ್ನು ಅದು ನುಂಗಿಬಿಡುತ್ತದೆ, ಉಳಿದದ್ದು ನಮ್ಮ ಕಣ್ಣಿಗೆ ಹಳದಿಯಾಗಿ ಕಾಣುತ್ತದೆ. ಬಣ್ಣ ಇರೋದೇ ಆ ನಡುವಿನ ನೈಟ್ರೋಜನ್ ಜೋಡಿಯಲ್ಲಿ. ಅದು ಮುರಿದರೆ ಬಣ್ಣ ಹೋಗುತ್ತದೆ, ಆದರೆ ಎರಡು ಹೊಸ ತುಂಡುಗಳು ಹುಟ್ಟುತ್ತವೆ. ವಿಷದ ಲೆಕ್ಕ ಶುರುವಾಗೋದು ಈ ತುಂಡುಗಳಿಂದ.

ಕುಕ್ಕರಿನಲ್ಲಿ ಇದು ಮುರಿಯಲ್ಲ. ನಾಲ್ಕು ಸೀಟಿ ಕೂಗಿಸಿದರೂ ಅಷ್ಟೇ, ಎಂಟು ಕೂಗಿಸಿದರೂ ಅಷ್ಟೇ. ಬಿಸಿ ನೀರಿನಲ್ಲಿ ಕುದಿಸಿ ಉಣ್ಣೆಗೆ ಕಟ್ಟುವ ಬಣ್ಣ ಇದು, ಅಷ್ಟು ಬಿಸಿಗೆ ಬಗ್ಗಲ್ಲ. ಮುರಿಯೋದು ನಮ್ಮ ಕರುಳಿನಲ್ಲಿ. ಅಲ್ಲಿರುವ ಬ್ಯಾಕ್ಟೀರಿಯಾಗಳ ಬಳಿ ಅಜೋ ಬಂಧವನ್ನು ಕತ್ತರಿಸುವ ಕಿಣ್ವಗಳಿವೆ. ಅವು ಕತ್ತರಿಸಿದಾಗ ಮೆಟಾನಿಲ್ ಯೆಲ್ಲೋದಿಂದ ಒಂದು ಕಡೆ ಮೆಟಾನಿಲಿಕ್ ಆಸಿಡ್, ಇನ್ನೊಂದು ಕಡೆ ಅಮೈನೋ ಡೈಫಿನೈಲ್ ಅಮೀನ್ ಅನ್ನುವ ತುಂಡು ಸಿಗುತ್ತವೆ.

ಮೊದಲನೇ ತುಂಡಿನಿಂದ ಅಂಥಾ ಕಾಟವಿಲ್ಲ. ಅದಕ್ಕೆ ಸಲ್ಫೋನಿಕ್ ಗುಂಪು ಅಂತ ಗಂಧಕದ ಒಂದು ಬಾಲ ಅಂಟಿಕೊಂಡಿದೆ, ಅದರಿಂದಾಗಿ ಅದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಕಿಡ್ನಿ ಅದನ್ನು ಸುಲಭವಾಗಿ ಹೊರಗೆ ಹಾಕುತ್ತದೆ. ಎರಡನೇ ತುಂಡಿಗೆ ಆ ಬಾಲ ಇಲ್ಲ. ಅದು ಕೊಬ್ಬಿನ ಪೊರೆಗಳನ್ನು ದಾಟಿ ರಕ್ತಕ್ಕೆ ಸೇರಿ ಲಿವರ್‌ಗೆ ಹೋಗುತ್ತದೆ. ಲಿವರ್ ಇಂಥ ಅಮೀನುಗಳನ್ನು ಹೊರಗೆ ಕಳಿಸಲೆಂದೇ ಆಕ್ಸಿಜನ್ ಸೇರಿಸಿ ಮಾರ್ಪಡಿಸುತ್ತದೆ. ಆ ಮಾರ್ಪಾಡಿನ ದಾರಿಯಲ್ಲೇ ಕೆಲವು ಅಮೀನುಗಳು ಇನ್ನೂ ಚುರುಕಾಗಿ ಪ್ರೋಟೀನಿಗೆ, ಡಿಎನ್ಎಗೆ ಅಂಟಿಕೊಳ್ಳುವ ರೂಪ ಪಡೆಯುತ್ತವೆ. ಈ ಜಾತಿಯ ರಾಸಾಯನಿಕಗಳ ಬಗ್ಗೆ ವಿಷವಿಜ್ಞಾನಿಗಳಿಗೆ ಹಿಂದಿನಿಂದಲೂ ಇರುವ ಭಯ ಇದೇ.

ಈಗ ಒಬ್ಬರು ಕೇಳಬಹುದು: ಜಿಲೇಬಿಗೆ ಹಾಕೋ ಟಾರ್ಟ್ರಜೀನ್ ಕೂಡ ಅಜೋ ಬಣ್ಣವೇ ಅಲ್ವಾ, ಅದಕ್ಕೆ ಸರ್ಕಾರವೇ ಪರ್ಮಿಷನ್ ಕೊಟ್ಟಿದೆ, ಇದಕ್ಕೆ ಯಾಕಿಲ್ಲ? ಒಳ್ಳೇ ಪ್ರಶ್ನೆ. ಉತ್ತರ ಆ ಬಾಲದಲ್ಲೇ ಇದೆ. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ ಎರಡರಲ್ಲೂ ಅಜೋ ಬಂಧದ ಎರಡೂ ಬದಿಗೆ ಸಲ್ಫೋನಿಕ್ ಗುಂಪುಗಳಿವೆ. ಕರುಳಿನಲ್ಲಿ ಅವೂ ಮುರಿಯುತ್ತವೆ, ಆದರೆ ಎರಡೂ ತುಂಡುಗಳಿಗೆ ಬಾಲ ಇರುವುದರಿಂದ ಎರಡೂ ಹೊರಗೆ ಹೋಗುತ್ತವೆ. ಮೆಟಾನಿಲ್ ಯೆಲ್ಲೋದಲ್ಲಿ ಒಂದೇ ಬದಿಗೆ ಬಾಲ. ಕಣ್ಣಿಗೆ ಎರಡೂ ಒಂದೇ ಹಳದಿ. ಹೊಟ್ಟೆಯೊಳಗೆ ಹೋದ ಮೇಲೆ ಅವುಗಳ ದಾರಿ ಬೇರೆ ಬೇರೆ. ಹಾಗಂತ ಟಾರ್ಟ್ರಜೀನನ್ನು ಬೇಕಾದಷ್ಟು ಸುರೀಬಹುದು ಅಂತಲ್ಲ, ಅದಕ್ಕೂ ಮಿತಿ ಇದೆ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅಜೋ ಬಣ್ಣ ಊಟಕ್ಕೆ ಬಂದು ಕೆಟ್ಟ ಹೆಸರು ಪಡೆದದ್ದು ಇದೇ ಮೊದಲಲ್ಲ. ಬಟರ್ ಯೆಲ್ಲೋ ಅಂತಲೇ ಒಂದು ಬಣ್ಣವಿತ್ತು. ಬೆಣ್ಣೆ, ಮಾರ್ಗರಿನ್ ಹಳದಿಯಾಗಿ ಕಾಣಲಿ ಅಂತ ವಿದೇಶಗಳಲ್ಲಿ ಅದನ್ನು ಬೆರೆಸುತ್ತಿದ್ದರು. 1930ರ ದಶಕದಲ್ಲಿ ಜಪಾನಿನ ಕಿನೊಸಿಟಾ ಅನ್ನುವ ವಿಜ್ಞಾನಿ ಅದನ್ನು ಇಲಿಗಳಿಗೆ ತಿನ್ನಿಸಿ ನೋಡಿದಾಗ ಲಿವರ್ ಕ್ಯಾನ್ಸರ್ ಬಂತು. ಅದರಲ್ಲಿ ಬಾಲ ಒಂದು ಬದಿಗೂ ಇರಲಿಲ್ಲ. ಆಹಾರದ ಬಣ್ಣವನ್ನು ಪರೀಕ್ಷೆ ಮಾಡದೆ ಬಳಸಬಾರದು ಅನ್ನುವ ನಿಯಮಗಳು ಬಿಗಿಯಾಗಲು ಅಂಥ ಪ್ರಯೋಗಗಳೂ ಕಾರಣ.

ಮೆಟಾನಿಲ್ ಯೆಲ್ಲೋ ಮೇಲಿನ ಸಂಶೋಧನೆಯಲ್ಲಿ ದೊಡ್ಡ ಪಾಲು ನಮ್ಮ ದೇಶದ್ದೇ, ಯಾಕಂದರೆ ಕಾಟವೂ ನಮ್ಮದೇ. ಲಖನೌದ ಕೈಗಾರಿಕಾ ವಿಷವಿಜ್ಞಾನ ಸಂಸ್ಥೆಯವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ನನಗೆ ಮುಖ್ಯ ಅನಿಸಿದ್ದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಟಿ.ಎನ್. ನಾಗರಾಜ ಮತ್ತು ಟಿ. ದೇಸಿರಾಜು ಮಾಡಿ 1993ರಲ್ಲಿ ಪ್ರಕಟಿಸಿದ ಕೆಲಸ. ಅವರು ಬೆಳೆಯುವ ಇಲಿಮರಿಗಳಿಗೂ ದೊಡ್ಡ ಇಲಿಗಳಿಗೂ ಈ ಬಣ್ಣವನ್ನು ದೀರ್ಘಕಾಲ ತಿನ್ನಿಸಿ, ಮೆದುಳಿನ ಬೇರೆ ಬೇರೆ ಭಾಗಗಳಲ್ಲಿ ನರಗಳ ನಡುವೆ ಸಂದೇಶ ಸಾಗಿಸುವ ಡೋಪಮಿನ್, ಸೆರೊಟೋನಿನ್, ನಾರ್‌ಅಡ್ರೆನಲಿನ್ ಎಷ್ಟಿದೆ ಅಂತ ಅಳೆದರು. ಮಟ್ಟಗಳು ಏರುಪೇರಾಗಿದ್ದವು. ಮರಿಗಳಲ್ಲಿ ಬಣ್ಣ ಕೊಡೋದು ನಿಲ್ಲಿಸಿದ ಮೇಲೂ ಅವು ಬಹುತೇಕ ಸರಿಹೋಗಲಿಲ್ಲ. ಕಲಿಕೆಯ ಪರೀಕ್ಷೆ ಇಟ್ಟಾಗ ಬಣ್ಣ ತಿಂದ ಇಲಿಗಳು ಅದೇ ಪಾಠ ಕಲಿಯಲು ಬೇರೆಯವಕ್ಕಿಂತ ಹೆಚ್ಚು ಸಲ ಪ್ರಯತ್ನಿಸಬೇಕಾಯಿತು. ಮುಂಬೈನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು 2003ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದ ವಿಷಯ ಬೇರೆ. ಬೇರೊಂದು ರಾಸಾಯನಿಕದಿಂದ ಆಗಲೇ ಲಿವರ್‌ನಲ್ಲಿ ಕ್ಯಾನ್ಸರ್‌ಗೆ ದಾರಿ ಮಾಡಿಟ್ಟ ಇಲಿಗಳಿಗೆ ಮೆಟಾನಿಲ್ ಯೆಲ್ಲೋ ಕೊಟ್ಟಾಗ ಗಡ್ಡೆ ಬೆಳೆಯುವುದಕ್ಕೆ ಅದು ಒತ್ತಾಸೆಯಾಯಿತು.

ಇದನ್ನು ಸರಿಯಾಗಿ ಓದಿಕೊಳ್ಳಬೇಕು. ಇಲಿಗೆ ಆದದ್ದೆಲ್ಲ ಮನುಷ್ಯರಿಗೆ ಹಾಗೇ ಆಗುತ್ತದೆ ಅಂತ ಅರ್ಥವಲ್ಲ. ಇಲಿಗೆ ಕೊಡುವ ಪ್ರಮಾಣವೂ ಸಾಮಾನ್ಯವಾಗಿ ಜಾಸ್ತಿಯೇ ಇರುತ್ತದೆ. ಮನುಷ್ಯರಿಗೆ ಈ ಬಣ್ಣ ತಿನ್ನಿಸಿ ಪರೀಕ್ಷೆ ಮಾಡೋಕೆ ಆಗಲ್ಲ, ಮಾಡಲೂಬಾರದು. ಒಂದು ತಟ್ಟೆ ಲಡ್ಡು ತಿಂದರೆ ಕ್ಯಾನ್ಸರ್ ಬಂತು ಅನ್ನೋದು ಸುಳ್ಳು. ಆದರೆ ಬೇಳೆ ನಮ್ಮ ಕಡೆ ಹಬ್ಬದ ಅಡುಗೆ ಅಲ್ಲವಲ್ಲ. ಬೆಳಿಗ್ಗೆ ರೊಟ್ಟಿ ಜೊತೆ ಬ್ಯಾಳಿ, ರಾತ್ರಿ ಅನ್ನದ ಜೊತೆ ಬ್ಯಾಳಿ, ವರ್ಷದ ಎಲ್ಲ ದಿನ, ಎರಡು ವರ್ಷದ ಮಗುವಿನಿಂದ ಹಿಡಿದು ಮನೆಯ ಅಜ್ಜಿಯವರೆಗೆ. ದಿನಾ ತಿನ್ನುವ ಪದಾರ್ಥದಲ್ಲಿ ಸ್ವಲ್ಪವೇ ಸ್ವಲ್ಪ ಇದ್ದರೂ ಅದು ದಿನಾ ಒಳಗೆ ಹೋಗುತ್ತದೆ. ಮಕ್ಕಳ ತೂಕ ಕಡಿಮೆ, ಹಾಗಾಗಿ ಅದೇ ಬಟ್ಟಲು ಬೇಳೆಯಲ್ಲಿ ಕೆಜಿ ತೂಕಕ್ಕೆ ಅವರ ಪಾಲು ದೊಡ್ಡವರಿಗಿಂತ ಜಾಸ್ತಿ. ಅದರಿಂದ ನಮಗೆ ಸಿಗುವ ಲಾಭ ಮಾತ್ರ ಸೊನ್ನೆ. ರುಚಿ ಹೆಚ್ಚಲ್ಲ, ಕೆಡದೆ ಉಳಿಯಲ್ಲ, ಬೇಗ ಬೇಯೋದೂ ಇಲ್ಲ. ಅಪಾಯ ಸಣ್ಣದೇ ಅಂತಿಟ್ಟುಕೊಂಡರೂ ಅದನ್ನು ಯಾವ ಸುಖಕ್ಕೆ ಹೊರಬೇಕು ಹೇಳಿ.

ಬೇಳೆಗೆ ಬಣ್ಣ ಹಾಕಲು ಇನ್ನೊಂದು ಕಾರಣವೂ ಇದೆ, ಅದು ಇನ್ನೂ ಹೊಲಸು. ಕೇಸರಿ ಬೇಳೆ ಅಂತ ಒಂದಿದೆ, ನೀರಿಲ್ಲದ ನೆಲದಲ್ಲೂ ಬೆಳೆಯುವ ಅಗ್ಗದ ಕಾಳು. ಅದರಲ್ಲಿ ಸಹಜವಾಗಿಯೇ ಒಂದು ನರವಿಷ ಇರುತ್ತದೆ. ಬರಗಾಲದಲ್ಲಿ ತಿಂಗಳುಗಟ್ಟಲೆ ಅದನ್ನೇ ತಿಂದ ಬಡವರ ಕಾಲುಗಳ ಶಕ್ತಿ ಹೋದದ್ದನ್ನು ವೈದ್ಯರು ದಾಖಲಿಸಿದ್ದಾರೆ. 1961ರಲ್ಲಿ ಅದರ ಮಾರಾಟಕ್ಕೆ ನಿಷೇಧ ಬಂತು. ಸಿಪ್ಪೆ ತೆಗೆದು ಒಡೆದರೆ ತೊಗರಿ ಬೇಳೆಗೂ ಕಡಲೆ ಬೇಳೆಗೂ ಹೋಲುತ್ತದೆ, ಬಣ್ಣ ಹಚ್ಚಿದರಂತೂ ಗುರುತು ಹತ್ತೋದೇ ಕಷ್ಟ. ತೊಗರಿ ಬೇಳೆಯ ಅಂಚು ದುಂಡಗೆ, ಕೇಸರಿಯದು ಓರೆಯಾಗಿ, ಚೌಕದ ಹಾಗೆ ಕತ್ತರಿಸಿದಂತೆ. ಒಂದು ಮುಷ್ಟಿ ಬೇಳೆಯನ್ನು ಮೊರದಲ್ಲಿ ಹರವಿ ನೋಡಿದರೆ ಕಾಣುತ್ತದೆ, ಹಿಟ್ಟಾದ ಮೇಲೆ ಕಾಣಲ್ಲ.

ಹಾಗೆ ನೋಡಿದರೆ ಇಡೀ ಬೇಳೆಗಿಂತ ಪುಡಿಯಲ್ಲೇ ಭಯ ಜಾಸ್ತಿ. ಮೆಟಾನಿಲ್ ಯೆಲ್ಲೋ ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಬೇಳೆಯ ಮೇಲೆ ಹಚ್ಚಿದ್ದರೆ ಮೂರ್ನಾಲ್ಕು ಸಲ ತಿಕ್ಕಿ ತೊಳೆದಾಗ ಒಂದು ಪಾಲು ಆ ನೀರಿನ ಜೊತೆ ಹೋಗುತ್ತದೆ. ಕಡಲೆ ಹಿಟ್ಟನ್ನು ತೊಳೆಯೋಕಾಗುತ್ತಾ? ಅರಿಶಿನ ಪುಡಿಯನ್ನು? ಶರಣಬಸವೇಶ್ವರ ಜಾತ್ರೆಯಲ್ಲಿ ಗುಡ್ಡೆ ಹಾಕಿದ ಬೂಂದಿ ಲಡ್ಡು, ಜಿಲೇಬಿ ನೋಡಿ. ಕಡಲೆ ಹಿಟ್ಟಿನ ಬೂಂದಿ ತನ್ನಷ್ಟಕ್ಕೆ ತಾನು ಹೊಂಬಣ್ಣಕ್ಕೆ ಬರುತ್ತದೆ, ಕಣ್ಣು ಕುಕ್ಕುವ ನಿಂಬೆ ಹಳದಿಗೆ ಬರಲ್ಲ. ನಮ್ಮ ಕಡೆಯ ಹಳದಿ ಅನ್ನ, ತಹರಿಯದೂ ಇದೇ ಮಾತು. ಮನೆಯ ತಹರಿಗೆ ಬಣ್ಣ ಕೊಡೋದು ಅರಿಶಿನ, ಅದು ಅನ್ನಕ್ಕೆ ಸಮನಾಗಿ ಹತ್ತಲ್ಲ, ಒಂದು ಕಡೆ ಗಾಢ, ಒಂದು ಕಡೆ ತೆಳು. ಹೋಟೆಲಿನ ತಹರಿಯ ಪ್ರತಿ ಅಗುಳೂ ಒಂದೇ ಹಳದಿ ಇದ್ದರೆ ನಾನಂತೂ ಕೇಳಿಯೇ ತಿನ್ನೋದು. ಅವರು ಅದಕ್ಕೆ ಬರೀ ‘ಕಲರ್’ ಅನ್ನುತ್ತಾರೆ. ಯಾವ ಕಲರ್ ಅಂತ ಕೇಳಿದರೆ ಡಬ್ಬಿ ತೋರಿಸುವವರು ಕಡಿಮೆ.

ಅರಿಶಿನದ ಮಾತು ಬಂತಲ್ಲ, ಅದರದ್ದು ಇನ್ನೊಂದು ದೊಡ್ಡ ಕಥೆ. ಅಲ್ಲಿ ಬಳಸುವ ಕಳ್ಳ ಬಣ್ಣ ಮೆಟಾನಿಲ್ ಯೆಲ್ಲೋ ಒಂದೇ ಅಲ್ಲ, ಲೆಡ್ ಕ್ರೋಮೇಟ್ ಕೂಡ. ಅದು ಪೇಂಟಿಗೆ ಹಾಕುವ ಸೀಸದ ಹಳದಿ. ಬಾಂಗ್ಲಾದೇಶದಲ್ಲಿ 1980ರ ದಶಕದಲ್ಲಿ ನೆರೆ ಬಂದು ಅರಿಶಿನದ ಕೊಂಬು ಸರಿಯಾಗಿ ಒಣಗದೆ ಮಂಕಾದಾಗ, ಪಾಲಿಶ್ ಮಾಡುವವರು ಈ ಪುಡಿ ಹಾಕಿ ಹೊಳಪು ಬರಿಸಲು ಶುರು ಮಾಡಿದರಂತೆ. ನೆರೆ ಇಳಿಯಿತು, ಚಟ ಉಳಿಯಿತು. ಗಿರಾಕಿಗಳಿಗೂ ಆ ಬಣ್ಣವೇ ಅಭ್ಯಾಸವಾಗಿ, ಹಾಕದ ಅರಿಶಿನ ಕಳಪೆಯಾಗಿ ಕಾಣತೊಡಗಿತು. ಗರ್ಭಿಣಿಯರ ರಕ್ತದಲ್ಲಿ ಸೀಸ ಯಾಕೆ ಜಾಸ್ತಿ ಇದೆ ಅಂತ ಹುಡುಕುತ್ತಾ ಹೋದ ಸ್ಟ್ಯಾನ್‌ಫರ್ಡ್ ಮತ್ತು ಢಾಕಾದ ಸಂಶೋಧಕರು ಬಂದು ತಲುಪಿದ್ದು ಅಡುಗೆಮನೆಯ ಅರಿಶಿನದ ಡಬ್ಬಿಗೆ. 2019ರಲ್ಲಿ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು, ಢಾಕಾದ ಸಗಟು ಮಾರ್ಕೆಟ್ಟಿನ ಮೇಲೆ ದಾಳಿ ನಡೆದು ಎಲ್ಲರೆದುರು ದಂಡ ಬಿತ್ತು, ಪುಡಿಯಲ್ಲಿ ಸೀಸ ಇದೆಯಾ ಅಂತ ಆಗಿಂದಾಗಲೇ ಹೇಳುವ ಎಕ್ಸ್-ರೇ ಯಂತ್ರ ಹಿಡಿದು ಅಧಿಕಾರಿಗಳು ಓಡಾಡಿದರು. ಸೀಸ ಸಿಕ್ಕ ಅರಿಶಿನದ ಸ್ಯಾಂಪಲ್‌ಗಳು 2019ರಲ್ಲಿ ಶೇ. 47 ಇದ್ದದ್ದು 2021ಕ್ಕೆ ಸೊನ್ನೆಗೆ ಬಂತು. ಮೂವತ್ತು ವರ್ಷಕ್ಕೂ ಮೀರಿದ ಚಟ ಎರಡೇ ವರ್ಷದಲ್ಲಿ ಬಿಟ್ಟಿತು. ಕಲಬೆರಕೆ ಏನು ಮಾಡಿದರೂ ಹೋಗಲ್ಲ ಬಿಡ್ರೀ ಅನ್ನುವವರಿಗೆ ನಾನು ಹೇಳೋದು ಇದನ್ನೇ.

ಇನ್ನು ಕಂಡುಹಿಡಿಯೋದು ಹೇಗೆ? ಪುಸ್ತಕಗಳಲ್ಲಿ ಇರೋ ಪರೀಕ್ಷೆ ಹೈಡ್ರೋಕ್ಲೋರಿಕ್ ಆಸಿಡ್‌ದು. ಮೆಟಾನಿಲ್ ಯೆಲ್ಲೋ ತುಂಬಾ ಹುಳಿಯಾದ ದ್ರಾವಣದಲ್ಲಿ ಹಳದಿ ಬಿಟ್ಟು ಕೆಂಪಿಗೆ ತಿರುಗುತ್ತದೆ. ಹುಳಿ ಅಳೆಯೋ ಪಿಎಚ್ ಅಂಕಿ ಇಳಿದಷ್ಟೂ ಹುಳಿ ಜಾಸ್ತಿ; ಪಿಎಚ್ 2.3ರ ಹತ್ತಿರ ಹಳದಿ, 1.2ರ ಹತ್ತಿರ ಕೆಂಪು. ಹಾಗಾಗಿ ಬೇಳೆ ಪುಡಿ ಮಾಡಿ ನೀರಿನಲ್ಲಿ ಕುಲುಕಿ, ಕೆಲವು ಹನಿ ಆಸಿಡ್ ಹಾಕಿದರೆ, ಬಣ್ಣ ಬೆರೆಸಿದ್ದರೆ ಗುಲಾಬಿ ಬರುತ್ತದೆ. ಯೂಟ್ಯೂಬಿನಲ್ಲಿ ಕೆಲವರು ನಿಂಬೆರಸ ಹಾಕಿ ಬಣ್ಣ ಬದಲಾಗಲಿಲ್ಲ, ಬೇಳೆ ಶುದ್ಧ ಅಂತ ಸರ್ಟಿಫಿಕೇಟ್ ಕೊಡುತ್ತಾರೆ. ಅದು ತಪ್ಪು. ನಿಂಬೆರಸದ ಹುಳಿ ಅಷ್ಟು ಕೆಳಗೆ ಇಳಿಯಲ್ಲ, ಬಣ್ಣ ಇದ್ದರೂ ಕೆಂಪಾಗಲ್ಲ. ಹಾಗಂತ ಮನೆಯಲ್ಲಿ ಆಸಿಡ್ ತಂದು ಇಟ್ಟುಕೊಳ್ಳಿ ಅಂತ ನಾನು ಹೇಳಲ್ಲ, ಮಕ್ಕಳಿರುವ ಮನೆಯಲ್ಲಿ ಬೇಳೆಯ ಬಣ್ಣಕ್ಕಿಂತ ಆ ಬಾಟಲಿಯೇ ದೊಡ್ಡ ಅಪಾಯ. ಶಾಲೆ, ಕಾಲೇಜಿನ ಲ್ಯಾಬಿನಲ್ಲಿ ಮೇಷ್ಟ್ರು ಮಾಡಿ ತೋರಿಸಲಿ, ಹುಡುಗರಿಗೂ ಚೆನ್ನಾಗಿ ತಲೆಗೆ ಹೋಗುತ್ತದೆ.

ಅರಿಶಿನದಲ್ಲಿ ಈ ಆಸಿಡ್ ಪರೀಕ್ಷೆಗೆ ಒಂದು ತಿರುವು ಇದೆ. ಅಸಲಿ ಅರಿಶಿನವೂ ಗಟ್ಟಿ ಆಸಿಡ್ ಬಿದ್ದರೆ ಕೆಂಪು-ನೇರಳೆಗೆ ತಿರುಗುತ್ತದೆ. ಮೇಲೆ ನೀರು ಸುರಿದರೆ ಆ ಕೆಂಪು ಮಾಯವಾಗುತ್ತದೆ. ಮೆಟಾನಿಲ್ ಯೆಲ್ಲೋ ಇದ್ದರೆ ನೀರು ಹಾಕಿದ ಮೇಲೂ ಕೆಂಪು ಉಳಿಯುತ್ತದೆ. ಇದು ಗೊತ್ತಿಲ್ಲದೆ ಅರ್ಧ ಪರೀಕ್ಷೆ ಮಾಡಿ ಒಳ್ಳೇ ಅರಿಶಿನ ಮಾರುವವನ ಮೇಲೆ ಜಗಳಕ್ಕೆ ಹೋಗಬೇಡಿ.

ಮನೆಯಲ್ಲಿ ಮಾಡಬಹುದಾದದ್ದು ಬಿಳಿ ಬಟ್ಟಲಿನ ಪರೀಕ್ಷೆ. ಒಂದು ಚಮಚ ಬೇಳೆ ಹಾಕಿ ಉಗುರು ಬೆಚ್ಚಗಿನ ನೀರು ಸುರಿಯಿರಿ, ಕಲಕದೆ ಐದು ನಿಮಿಷ ಬಿಡಿ. ಒಳ್ಳೇ ಬೇಳೆಯ ನೀರು ಹಿಟ್ಟಿನಿಂದ ಮಬ್ಬಾಗಿ ಬೆಳ್ಳಗೆ ಕಾಣುತ್ತದೆ, ತೀರಾ ಅಂದರೆ ಒಂಚೂರು ಹಳದಿ ಛಾಯೆ. ಬಣ್ಣ ಹಚ್ಚಿದ್ದಾದರೆ ಬೇಳೆಯಿಂದ ಹಳದಿ ಎಳೆಎಳೆಯಾಗಿ ಇಳಿದು ನೀರಿಗೆ ಬರೋದು ಕಣ್ಣಿಗೇ ಕಾಣುತ್ತದೆ. ನೀರು ತಿಳಿಯಾಗಿಯೇ ಇರುತ್ತದೆ, ಆದರೆ ಗಾಢ ಹಳದಿ. ಅರಿಶಿನ ಪುಡಿಯನ್ನು ಒಂದು ಗ್ಲಾಸ್ ನೀರಿಗೆ ಹಾಕಿದರೂ ಹೀಗೇ. ಅಸಲಿ ಬಣ್ಣ ನೀರಿನಲ್ಲಿ ಹೆಚ್ಚುಕಮ್ಮಿ ಕರಗಲ್ಲ, ಪುಡಿ ತಳಕ್ಕೆ ಕೂತು ನೀರು ತೆಳು ಹಳದಿ ಉಳಿಯುತ್ತದೆ. ಲೆಡ್ ಕ್ರೋಮೇಟ್ ಮಾತ್ರ ಈ ಪರೀಕ್ಷೆಗೆ ಸಿಕ್ಕಿಬೀಳಲ್ಲ. ಅದೂ ನೀರಿನಲ್ಲಿ ಕರಗಲ್ಲ, ಪುಡಿಯ ಜೊತೆ ತಾನೂ ತಳಕ್ಕೆ ಹೋಗಿ ಕೂತುಬಿಡುತ್ತದೆ. ಅದಕ್ಕೆ ಲ್ಯಾಬೇ ಬೇಕು. ನಾನು ಕೊಂಬು ತಂದು ಮನೆ ಹತ್ತಿರದ ಗಿರಣಿಯಲ್ಲಿ ಪುಡಿ ಮಾಡಿಸೋದು ಇದೇ ಕಾರಣಕ್ಕೆ. ಕೊಂಬಿಗೂ ಹಚ್ಚುತ್ತಾರೆ, ನಿಜ. ಆದರೆ ಮುರಿದು ನೋಡಿದರೆ ಹೊರಗಿನ ಮೈ ಒಳಗಿಗಿಂತ ಢಾಳಾಗಿ ಹಳದಿಯಿದ್ದರೆ ಅನುಮಾನ ಪಡಬಹುದು. ಪುಡಿಯಲ್ಲಿ ಆ ಅವಕಾಶವೂ ಇಲ್ಲ.

ಇನ್ನೊಂದು ಉಪಾಯ ನಮ್ಮ ಮನೆಗಳಲ್ಲೇ ಇದೆ. ಆರತಿಗೆ ಕೆಂಪು ನೀರು ಮಾಡೋದು ಹೇಗೆ? ಅರಿಶಿನಕ್ಕೆ ಒಂಚೂರು ಸುಣ್ಣ. ಕ್ಷಾರ ಬಿದ್ದ ಕೂಡಲೇ ಅರಿಶಿನ ಕೆಂಪಾಗುತ್ತದೆ, ಅಂಗಿಯ ಮೇಲಿನ ಸಾರಿನ ಕಲೆಗೆ ಸೋಪು ಹಚ್ಚಿದಾಗ ಆಗೋದೂ ಇದೇ. ಮೆಟಾನಿಲ್ ಯೆಲ್ಲೋ ಸುಣ್ಣಕ್ಕೆ ಜಗ್ಗಲ್ಲ, ಹಳದಿಯಾಗಿಯೇ ಉಳಿಯುತ್ತದೆ. ಅನ್ನಕ್ಕೋ ಪಲ್ಯಕ್ಕೋ ಅರಿಶಿನದ್ದೇ ಬಣ್ಣ ಅಂತ ಹೇಳಿದ್ದು ಸುಣ್ಣದ ನೀರು ತಾಗಿದರೂ ಹಳದಿಯೇ ಇದ್ದರೆ ಅದು ಅರಿಶಿನ ಅಲ್ಲ. ಎರಡನ್ನೂ ಬೆರೆಸಿದ್ದರೆ ಕೆಂಪು ಬಂದೇ ಬರುತ್ತದೆ, ಆಗ ಈ ಉಪಾಯ ಕೈಕೊಡುತ್ತದೆ. ಅಷ್ಟು ಗೊತ್ತಿರಲಿ.

ಲ್ಯಾಬಿನಲ್ಲಿ ಆಹಾರ ವಿಶ್ಲೇಷಕರು ಮಾಡುವ ಒಂದು ಹಳೇ ಪರೀಕ್ಷೆ ನನಗೆ ಬಹಳ ಇಷ್ಟ. ಆಹಾರದಿಂದ ತೆಗೆದ ಬಣ್ಣದ ನೀರನ್ನು ಸ್ವಲ್ಪ ಹುಳಿ ಮಾಡಿ, ಅದರಲ್ಲಿ ಬಿಳಿ ಉಣ್ಣೆಯ ದಾರ ಹಾಕಿ ಕುದಿಸುತ್ತಾರೆ. ಕಾರ್ಖಾನೆಯ ಆಸಿಡ್ ಬಣ್ಣ ಇದ್ದರೆ ಅದು ನೀರು ಬಿಟ್ಟು ಉಣ್ಣೆಗೆ ಹತ್ತಿಕೊಳ್ಳುತ್ತದೆ, ತೊಳೆದರೂ ಹೋಗಲ್ಲ. ಬೇಳೆಯ, ಅರಿಶಿನದ ಸ್ವಂತ ಬಣ್ಣ ಹಾಗೆ ಗಟ್ಟಿಯಾಗಿ ಹಿಡಿಯಲ್ಲ. ಆಮೇಲೆ ತೆಳು ಅಮೋನಿಯಾದಲ್ಲಿ ದಾರವನ್ನು ಬೆಚ್ಚಗೆ ಮಾಡಿ ಬಣ್ಣ ಬಿಡಿಸಿ, ಕಾಗದದ ಮೇಲೆ ಒಂದು ಚುಕ್ಕೆ ಇಟ್ಟು, ಅದು ದ್ರಾವಕದ ಜೊತೆ ಎಷ್ಟು ಮೇಲೆ ಏರುತ್ತದೆ ಅನ್ನೋದರ ಮೇಲೆ ಯಾವ ಬಣ್ಣ ಅಂತ ಗುರುತಿಸುತ್ತಾರೆ. ಉಣ್ಣೆಗೆ ಅಂಟುವ ಗುಣಕ್ಕಾಗಿಯೇ ತಯಾರಾದ ಬಣ್ಣ, ಬೇಳೆಯಲ್ಲಿ ಅಡಗಿಕೊಂಡಾಗ ಸಿಕ್ಕಿಬೀಳೋದೂ ಅದೇ ಗುಣದಿಂದ.

ಕಾನೂನು ಏನು ಹೇಳುತ್ತದೆ? ನಮ್ಮ ದೇಶದಲ್ಲಿ ಊಟಕ್ಕೆ ಹಾಕಲು ಒಪ್ಪಿಗೆ ಇರುವ ಕೃತಕ ಬಣ್ಣಗಳು ಒಟ್ಟು ಎಂಟು. ಹಳದಿಯಲ್ಲಿ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ ಎರಡೇ. ಅವನ್ನೂ ಎಲ್ಲದಕ್ಕೂ ಹಾಕುವಂತಿಲ್ಲ. ಸಿಹಿತಿಂಡಿಯಂಥ ಕೆಲವಕ್ಕೆ ಮಾತ್ರ, ಅದೂ ಸಾಮಾನ್ಯವಾಗಿ ಕೆಜಿಗೆ 100 ಮಿಲಿಗ್ರಾಂ ಮೀರದಂತೆ. ಅಂದರೆ ಹತ್ತು ಕೆಜಿ ಜಿಲೇಬಿಗೆ ಒಂದು ಗ್ರಾಂ. ಅಡುಗೆಯವನು ಚಮಚದ ತುದಿಯಲ್ಲಿ ಎತ್ತಿ ಅಂದಾಜಿಗೆ ಹಾಕುವಾಗ ಈ ಲೆಕ್ಕ ಎಲ್ಲಿ ಉಳಿಯುತ್ತದೆ? ಬೇಳೆಕಾಳಿಗಂತೂ ಯಾವ ಬಣ್ಣವನ್ನೂ ಹಾಕುವಂತಿಲ್ಲ, ಒಪ್ಪಿಗೆ ಇರುವ ಬಣ್ಣವನ್ನೂ ಹಾಕುವಂತಿಲ್ಲ.

2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿಯ ಬಣ್ಣದ ಮೇಲೆ ರಾಜ್ಯ ಸರ್ಕಾರ ನಿಷೇಧ ಹಾಕಿದ್ದು ಎಲ್ಲರಿಗೂ ಗೊತ್ತು. ಆಗ ಪರೀಕ್ಷೆ ಮಾಡಿದ 171 ಗೋಬಿ ಸ್ಯಾಂಪಲ್‌ಗಳಲ್ಲಿ 107 ಅಸುರಕ್ಷಿತ ಅಂತ ಬಂದಿತ್ತು, 25 ಮಿಠಾಯಿ ಸ್ಯಾಂಪಲ್‌ಗಳಲ್ಲಿ 15. ಆ ಮಿಠಾಯಿಯ ರೋಡಮಿನ್-ಬಿ ಕೂಡ ಬಟ್ಟೆಗೆ ಕಟ್ಟುವ ಬಣ್ಣವೇ, ಮೆಟಾನಿಲ್ ಯೆಲ್ಲೋದ ಗುಲಾಬಿ ಜೊತೆಗಾರ. ಗೋಬಿ ಸುದ್ದಿ ಬಂದ ಮೇಲೆ ನಮ್ಮ ಸೂಪರ್ ಮಾರ್ಕೆಟ್ ಕಡೆಯ ಗಾಡಿಗಳಲ್ಲೂ ಕೆಲವು ದಿನ ಕಂದು ಗೋಬಿ ಸಿಗುತ್ತಿತ್ತು. ರುಚಿ ಅದೇ ಇತ್ತು, ಜನ ತಿಂದರು.

ನಿಮಗೆ ನಿಜವಾಗಿಯೂ ಅನುಮಾನ ಇದ್ದರೆ ಬರೀ ಪೋಸ್ಟ್ ಹಾಕಿ ಬಿಡಬೇಡಿ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಗಿರಾಕಿಯೇ ಫೀ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಒಂದೇ ಷರತ್ತು, ಕೊಳ್ಳುವಾಗಲೇ ಅಂಗಡಿಯವರಿಗೆ ‘ಇದನ್ನು ಟೆಸ್ಟಿಗೆ ಕಳಿಸ್ತೀನಿ’ ಅಂತ ಹೇಳಿರಬೇಕು. ಕಲಬೆರಕೆ ಅಂತ ರಿಪೋರ್ಟ್ ಬಂದರೆ ಕಟ್ಟಿದ ಫೀ ವಾಪಸ್. ನಾಲ್ಕು ಜನ ಅಕ್ಕಪಕ್ಕದವರು ಕೂಡಿ ಮಾಡಿದರೆ ಖರ್ಚೂ ಹಂಚಿಹೋಗುತ್ತದೆ. ಅದು ಬೇಡ ಅಂದರೆ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ, ಸ್ಯಾಂಪಲ್ ತೆಗೆಯೋದು ಅವರ ಕೆಲಸ. ಲ್ಯಾಬಿಗೆ ಸ್ಯಾಂಪಲ್ ಮುಟ್ಟಿದ 14 ದಿನದೊಳಗೆ ವಿಶ್ಲೇಷಕರು ರಿಪೋರ್ಟ್ ಕೊಡಬೇಕು. ಪ್ಯಾಕೆಟ್ ಬೇಳೆಯಾದರೆ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಟ್ಟ 14 ಅಂಕಿಯ ಎಫ್ಎಸ್ಎಸ್ಎಐ ನಂಬರ್ ಇರುತ್ತದೆ, ದೂರಿನಲ್ಲಿ ಅದನ್ನು ಬರೆಯಿರಿ. ಚೀಲದಿಂದ ತೂಗಿ ಕೊಟ್ಟ ಬಿಡಿ ಬೇಳೆಯಾದರೆ ರಸೀದಿ ಕೇಳಿ ತಗೊಳ್ಳಿ, ಚೀಟಿ ಮೇಲೆ ಬರೆದ ಲೆಕ್ಕ ನಡೆಯಲ್ಲ.